ಬಾವಿಗೆ ಹೂಡಿದ ಕಾರು

ನಮ್ಮಪ್ಪನ ಎಡಗೈ ಮುರಿದವನು ಅವನ ಖಾಸಾ ತಮ್ಮ, ಅಂದರೆ ನನ್ನ ಕಾಕಾ. ಮುರಿದದ್ದು ಕಬ್ಬಿಣದ ಹಾರೆಯಿಂದ, ನಮ್ಮ ಲಿಂಬೆ ತೋಟದ ಬಾವಿಯ ದಂಡೆಯ ಮೇಲೆ, ಹಾಡಹಗಲು. ಆವತ್ತು ನೀರಿನ ಪಾಳಿ ಯಾರದು ಎಂದು ಶುರುವಾದ ಮಾತು ಬೆಳೆದು ಅಪ್ಪ ಕಲ್ಲು ಎತ್ತಿ ಒಗೆದ, ಕಾಕಾ ಹಾರೆ ಬೀಸಿದ. ಕೈ ಕೂಡಿಸುವವನು ಬಂದು ಬಿದಿರು ದಬ್ಬೆ ಕಟ್ಟಿ ಹೋದ, ಎಲುಬು ಸೊಟ್ಟಗೆ ಕೂಡಿತು. ಆಮೇಲೆ ಆ ಕೈ ಎದೆಯಿಂದ ಮೇಲೆ ಏಳಲಿಲ್ಲ. ಬಲಗೈ ಮಾತ್ರ ಎರಡು ಕೈಗಳ ಸಿಟ್ಟನ್ನೂ ತಾನೇ ಹೊತ್ತುಕೊಂಡು ಮನೆಯಲ್ಲಿ ಓಡಾಡಿತು.

ಅಪ್ಪನನ್ನು 'ಅವನು' ಎಂದೇ ಬರೆಯುತ್ತೇನೆ. ಬಹುವಚನ ಹಚ್ಚುವಷ್ಟು ಮರ್ಯಾದೆ ನನ್ನಲ್ಲಿ ಉಳಿದಿಲ್ಲ, ಈ ವಯಸ್ಸಿನಲ್ಲಿ ಅದನ್ನು ಹೊಸದಾಗಿ ತಂದುಕೊಳ್ಳುವ ಮನಸ್ಸೂ ಇಲ್ಲ.

ನಮ್ಮೂರು ಇಂಡಿಯಿಂದ ಸಿಂದಗಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ. ಅಪ್ಪನ ಹೆಂಡತಿ ನಮ್ಮವ್ವ, ಕಾಕಾನ ಹೆಂಡತಿ ಅವ್ವನ ಒಡಹುಟ್ಟಿದ ತಂಗಿ, ನನ್ನ ಚಿಗವ್ವ. ಅಕ್ಕ ತಂಗಿಯರನ್ನು ಒಂದೇ ಮನೆಗೆ ಕೊಟ್ಟರೆ ಜಗಳ ಇರುವುದಿಲ್ಲ ಎಂದು ನನ್ನ ತಾಯಿಯ ತವರಿನವರು ಲೆಕ್ಕ ಹಾಕಿದ್ದರು. ಹಾರೆ ಬೀಸಿದ ಮರುವಾರವೇ ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲಲ್ಲಿ ಆ ಗೋಡೆ ಹೆಗಲೆತ್ತರ ಮಾತ್ರ. ಅವ್ವ ಈಚೆ ಪಾತ್ರೆ ತಿಕ್ಕುವಾಗ ಚಿಗವ್ವ ಆಚೆ ತಿಕ್ಕುತ್ತಿದ್ದಳು, ಇಬ್ಬರಿಗೂ ಮಾತಿಲ್ಲ. ಒಮ್ಮೆ ಅವ್ವ ಗೋಡೆಯ ಮೇಲಿಂದ ಒಂದು ಬಟ್ಟಲು ಲಿಂಬೆಯ ಉಪ್ಪಿನಕಾಯಿ ಕೊಟ್ಟದ್ದನ್ನು ಅಪ್ಪ ನೋಡಿದ. ಅವಳ ಕೂದಲು ಹಿಡಿದು ಅದೇ ಗೋಡೆಗೆ ಹಣೆ ಬಡಿದ. ಆಚೆ ಚಿಗವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಆ ಹಣೆಯ ಗಾಯ ವಾಸಿಯಾಗುವ ಹೊತ್ತಿಗೆ ನನಗೆ ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಎದ್ದು ಹಿತ್ತಲಿಗೆ ಹೋಗುವುದು ರೂಢಿಯಾಗಿತ್ತು.

ಅಂಥದರಲ್ಲಿ ಕಾರು ಬಂತು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಒಂದೇ ಕೈಯವನು ಗಾಡಿ ನಡೆಸುವುದು ಹೇಗೆ? ಡ್ರೈವರ್ ಇಟ್ಟುಕೊಂಡರೆ ಅಪ್ಪ ಬಡಿಯುತ್ತಿದ್ದ, ಅವರು ಓಡಿಹೋಗುತ್ತಿದ್ದರು. ಯಾರೋ ಹೇಳಿದರು, ಅಮೆರಿಕದ ಹಳೇ ಗಾಡಿಗಳು ಸೋಲಾಪುರದಲ್ಲಿ ಸಿಗುತ್ತವೆ, ಅವಕ್ಕೆ ಗೇರು ಹಾಕುವ ತಾಪತ್ರಯವಿಲ್ಲ, ಸ್ಟೇರಿಂಗನ್ನು ಇಂಜಿನ್ನೇ ತಿರುವಿಕೊಡುತ್ತದೆ, ಬೆರಳು ಮುಟ್ಟಿಸಿದರೆ ಸಾಕು ಎಂದು. ಅಪ್ಪ ಹೋಗಿ ತಂದೇಬಿಟ್ಟ. ನಮ್ಮ ಓಣಿಯ ತುಂಬ ಅಗಲವಾಗಿ ಅದು ಒಳಗೆ ಬರುವಾಗ ಜನ ಕಟ್ಟೆ ಹತ್ತಿ ನಿಂತರು. ಮುಂದಿನ ಸೀಟು ಮಂಚದಷ್ಟು ಉದ್ದ, ಸ್ಟೇರಿಂಗು ಮಾತ್ರ ನಮ್ಮ ಗಾಡಿಗಳ ಹಾಗೆ ಬಲಗಡೆಗೇ ಇತ್ತು. ಅಪ್ಪ ಬಲಗೈಯ ಎರಡು ಬೆರಳಿನಿಂದ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ತೋರಿಸಿದ.

ಆ ಕೆಲವು ತಿಂಗಳು ಅವನು ನಗುತ್ತಿದ್ದ, ಸುಳ್ಳು ಹೇಳಬಾರದು. ಬೆಳಿಗ್ಗೆ ಎದ್ದು ಸಿಂದಗಿ, ಮಧ್ಯಾಹ್ನ ಇಂಡಿ, ಮನಸ್ಸು ಬಂದರೆ ಬಸವನ ಬಾಗೇವಾಡಿ. ಕೈಗೆ ಕೆಲಸ ಸಿಕ್ಕಿತ್ತು, ಅದಕ್ಕೇ ಅವ್ವನ ಮೈ ಸ್ವಲ್ಪ ಸುಧಾರಿಸಿಕೊಂಡಿತು. ಸ್ಟೇರಿಂಗು ಹಗುರಾಗಿದ್ದಷ್ಟು ದಿನ ನಮ್ಮ ಮನೆಯೂ ಹಗುರಾಗಿತ್ತು. ಹೊಡೆತವಿಲ್ಲದ ಮನೆ ಇಷ್ಟು ಸಪ್ಪಳವಿಲ್ಲದೆ ಇರುತ್ತದೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು.

ಒಂದು ಮುಂಜಾನೆ ನೋಡಿದರೆ ಬಾವಿಯ ಮೋಟಾರು ಬಾವಿಯೊಳಗೆ ಬಿದ್ದಿತ್ತು. ಕಾಕಾ ಕೆಡವಿದ ಎಂದು ಅಪ್ಪ, ಅಪ್ಪನೇ ಕೆಡವಿದ ಎಂದು ಕಾಕಾ. ಯಾರು ಕೆಡವಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಕಾಕಾ ಇಂಡಿ ಕೋರ್ಟಿನಲ್ಲಿ ಬಾವಿಯ ಮೇಲೆ ದಾವೆ ಹೂಡಿದ. ತೀರ್ಪು ಆಗುವ ತನಕ ಹೊಸ ಮೋಟಾರು ಕೂಡಿಸುವ ಹಾಗಿಲ್ಲ ಎಂದು ಕೋರ್ಟು ಹೇಳಿತು. ಲಿಂಬೆ ಗಿಡಗಳು ಮಿಡಿಗಾಯಿ ಉದುರಿಸತೊಡಗಿದವು. ಅಪ್ಪ ಬಾವಿಯ ದಂಡೆಯ ಮೇಲೆ ನಿಂತು ಗೋಡೆಯಾಚೆಗೂ ಕೇಳುವಂತೆ ಕೂಗಿದ:

"ಮೋಟಾರು ಕೂಡಸಬ್ಯಾಡ ಅಂದಾರ, ಗಾಡಿ ನಿಂದರಸಬ್ಯಾಡ ಅಂದಿಲ್ಲ! ನನ್ನ ಕಾರು ನೀರ ಎತ್ತತೈತಿ, ನೋಡಕೋತ ಕುಂದರು ಮಗನ!"

ನಮ್ಮ ಕಡೆಯವರ ಹಟ ಅಂದರೆ ಹೀಗೆ. ಕಾರಿನ ಮೂತಿಯ ಕೆಳಗೆ ಒಂದು ನೀರೆತ್ತುವ ಪಂಪು ಬೋಲ್ಟು ಹಾಕಿ ಕೂಡಿಸುವುದು, ಇಂಜಿನ್ನಿನ ಮುಂದೆ ತಿರುಗುವ ಪುಲಿಯ ಗಾಲಿಯಿಂದಲೇ ಅದಕ್ಕೊಂದು ಪಟ್ಟಾ, ಅಂದರೆ ಬೆಲ್ಟು, ಹಾಯಿಸುವುದು ಅವನ ಯೋಚನೆ. ಇರುವ ಪುಲಿಯಲ್ಲಿ ಇನ್ನೊಂದು ಪಟ್ಟಾ ಕೂಡುವ ಕಚ್ಚು ಇರಲಿಲ್ಲ, ಹೊಸದು ಮಾಡಿಸಬೇಕು. ಇಂಡಿ, ಸಿಂದಗಿಯ ಮಿಸ್ತ್ರಿಗಳಿಗೆಲ್ಲ ಅಪ್ಪ ಒಂದಲ್ಲ ಒಂದು ಸಲ ಕೈ ಮಾಡಿ ಆಗಿತ್ತು, ಅವರು ಅವನ ಗಾಡಿ ಮುಟ್ಟುತ್ತಿರಲಿಲ್ಲ. ಹೊಡೆಸಿಕೊಳ್ಳದವರು ಉಳಿದದ್ದು ಮುದ್ದೇಬಿಹಾಳದಲ್ಲಿ. ಅಲ್ಲಿಯ ಒಂದು ಲೇಥಿನ ಅಂಗಡಿಗೆ ಹೋದೆವು. ಹಳೆಯ ಪುಲಿ ಸಡಿಲಾಗಲಿಲ್ಲ ಎಂದು ಅಪ್ಪ ಸಿಟ್ಟಿಗೆದ್ದು ಸುತ್ತಿಗೆ ಕಿತ್ತುಕೊಂಡು ತಾನೇ ಬಡಿದ. ಅದು ಮೂರು ತುಂಡಾಗಿ ಬಿತ್ತು, ಇನ್ನು ಹಳೆಯದಕ್ಕೆ ಮರಳುವ ಮಾತೇ ಇರಲಿಲ್ಲ. ಎರಡು ಪಟ್ಟಾ ಆ ಇಕ್ಕಟ್ಟಿನಲ್ಲಿ ಕೂಡಬೇಕೆಂದರೆ ಪುಲಿ ಸಣ್ಣದು ಮಾಡು ಎಂದು ಅಪ್ಪ ಹುಕುಂ ಮಾಡಿದ. ಲೇಥಿನವನು ಅಂತೆಯೇ ಕಡೆದುಕೊಟ್ಟ.

ಕಾರು ನೀರೆತ್ತಿತು. ಬಾವಿಗೆ ಮುಖ ಮಾಡಿ ನಿಂತು, ಬಾಯಿಯಿಂದ ಪೈಪು ಇಳಿಬಿಟ್ಟುಕೊಂಡು, ದಿನಾ ಮುಂಜಾನೆ ಗುರ್ ಎನ್ನುತ್ತಿತ್ತು. ಲಿಂಬೆ ಬದುಕಿದವು. ಸ್ಟೇರಿಂಗು ಸತ್ತಿತು.

ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ಮುಂಗೈಗಳೇ ಕಲಿತದ್ದು. ಇಂಜಿನ್ನಿನ ಮುಂದಿನ ಪುಲಿ ಪಟ್ಟಾವನ್ನು ಎಳೆಯುತ್ತದೆ, ಪಟ್ಟಾ ಸ್ಟೇರಿಂಗಿನ ಎಣ್ಣೆಯ ಪಂಪನ್ನು ತಿರುಗಿಸುತ್ತದೆ, ಆ ಎಣ್ಣೆಯ ಒತ್ತಡವೇ ಗಾಲಿ ಹೊರಳಿಸುವ ಬಲ. ಮುಂದಿನ ಪುಲಿ ಸಣ್ಣದಾದರೆ ಪಟ್ಟಾ ನಿಧಾನ ಓಡುತ್ತದೆ, ಪಂಪು ನಿಧಾನ ತಿರುಗುತ್ತದೆ, ಎಣ್ಣೆಗೆ ಕಸುವು ಬರುವುದಿಲ್ಲ. ರಸ್ತೆಯಲ್ಲಿ ಜೋರಾಗಿ ಓಡುವಾಗ ತಿಳಿಯುತ್ತಿರಲಿಲ್ಲ, ಮೊದಲಿನಷ್ಟೇ ಹಗುರ. ಓಣಿಯಲ್ಲಿ, ಪೇಟೆಯಲ್ಲಿ, ನಿಂತಲ್ಲಿ ತಿರುವಬೇಕಾದಾಗ ಮಾತ್ರ ಬೀಸುವ ಕಲ್ಲಿನಷ್ಟು ಭಾರ. ಎಕ್ಸಲೇಟರ್ ತುಳಿದರೆ ಒಂದು ಕ್ಷಣ ಹಗುರ, ಬಿಟ್ಟರೆ ಮತ್ತೆ ಭಾರ. ಎರಡರ ನಡುವೆ ಸಿಕ್ಕರೆ ಸ್ಟೇರಿಂಗು ಕೈಯಲ್ಲೇ ಗಡಗಡ ನಡುಗಿ ಬೆರಳು ಜಜ್ಜುತ್ತಿತ್ತು. ಒಂದೇ ಕೈಯವನಿಗೆ ಅದು ಸಾಧ್ಯವಿರಲಿಲ್ಲ.

ಅದಕ್ಕೆ ಅಪ್ಪ ನನ್ನನ್ನು ಹೂಡಿದ. ನಾನು ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ, ಅವನಿಗೆ ಇದ್ದವಳು ನಾನೊಬ್ಬಳೇ. ಆ ಉದ್ದ ಸೀಟಿನ ನಡುವೆ, ಅವನ ಸೋತ ಕೈಯ ಪಕ್ಕಕ್ಕೆ ನನ್ನನ್ನು ಕೂರಿಸಿದ. ಸ್ಟೇರಿಂಗಿನ ಬಲ ಅರ್ಧ ಅವನದು, ಎಡ ಅರ್ಧ ನನ್ನದು. ಎಕ್ಸಲೇಟರ್, ಬ್ರೇಕು, ಬೈಗುಳ ಅವನವು. "ಜಗ್ಗು" ಅಂದಾಗ ಎಡಗಾಲನ್ನು ಮುಂದಿನ ತಗಡಿಗೆ ಒದ್ದು ಹಿಡಿದು ಎರಡೂ ಕೈಯಿಂದ ಜಗ್ಗಬೇಕು, "ಬಿಡು" ಅಂದಾಗ ಬಿಡಬೇಕು. ಜಗ್ಗಿದ್ದು ತಡವಾದರೆ ಅವನು ಬಲಗೈ ಸ್ಟೇರಿಂಗಿನಿಂದ ತೆಗೆದು ಹಿಂಗೈಯಿಂದ ನನ್ನ ಬಾಯಿಗೆ ಹೊಡೆಯುತ್ತಿದ್ದ. ಗಾಡಿ ಓಡುತ್ತಿರುವಾಗಲೇ. ಆ ಹೊಡೆತದ ಹೊತ್ತಿಗೆ ಇಡೀ ಗಾಡಿ ನನ್ನ ಕೈಯಲ್ಲಿರುತ್ತಿತ್ತು ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಸಿಂದಗಿಯ ಸಂತೆಯ ದಿನ ನೆನಪಿದೆ. ಚೌಕದಲ್ಲಿ ತಿರುವು ತೆಗೆದುಕೊಳ್ಳುವಾಗ ಎದುರಿಗೆ ಜೋಳದ ಚೀಲ ಹೇರಿದ ಚಕ್ಕಡಿ ಬಂತು. ಅಪ್ಪ ಇಂಜಿನ್ನು ಕಿರುಚಿಸಿದ, ನಾನು ಜಗ್ಗಿದೆ. ಅವನು ಹೆದರಿ ಕಾಲು ಎತ್ತಿದ, ಸ್ಟೇರಿಂಗು ಕಲ್ಲಾಯಿತು, ನಮ್ಮ ಬಂಪರು ಎತ್ತಿನ ತೊಡೆಗೆ ಬಡಿಯಿತು. ಚಕ್ಕಡಿಯವನು ವಯಸ್ಸಾದವನು. "ಏನ್ರೀ ಗೌಡ್ರ, ಎತ್ತ ಕಾಣಲಿಲ್ಲೇನ್ರಿ?" ಅಂದ, ಅಷ್ಟೇ. ಅಪ್ಪ ಇಳಿದು ಆತನ ಕೈಯ ಬಾರುಕೋಲು ಕಸಿದುಕೊಂಡು ಅದರಿಂದಲೇ ಆತನ ಬೆನ್ನಿಗೆ, ಕಿವಿಗೆ, ಕುತ್ತಿಗೆಗೆ ಬಾರಿಸಿದ. ಅಂಗಿ ಹರಿದು ರಕ್ತ ಒಸರಿತು. ಸಂತೆಗೆ ಸಂತೆಯೇ ನಿಂತು ನೋಡಿತು, ಒಬ್ಬನೂ ಬಿಡಿಸಲಿಲ್ಲ. ಆಮೇಲೆ ಕಾರಿನಲ್ಲಿ ಕೂತು ಅದೇ ಬಾರುಕೋಲಿನ ಹಿಡಿಯಿಂದ ನನ್ನ ಬೆರಳುಗಳಿಗೆ ಹೊಡೆದ. "ನಿನ್ನಿಂದ ಆತು ಇದು, ಮೂಳಿ." ನನ್ನ ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಮನೆಯಲ್ಲಿ ಮತ್ತೆ ಹಳೆಯ ಸಪ್ಪಳ ಶುರುವಾಯಿತು. ಬೆರಳಿನಲ್ಲಿ ಗಾಡಿ ನಡೆಸಿದವನಿಗೆ ಮಗಳ ಕೈ ಬೇಡಿ ನಡೆಸುವುದು ಅವಮಾನ. ಅದಕ್ಕೆಲ್ಲ ಕಾರಣ ತಮ್ಮ, ತಮ್ಮ ಸಿಗದಾಗ ಅವ್ವ. ಊಟಕ್ಕೆ ಕೂತರೆ ಒಂದೇ ಮಾತು: "ಅವನ ಹೆಣ ನೋಡೂ ತನಕ ಈ ಕೈ ನೋವು ನಿಲ್ಲೂದುಲ್ಲ." ನಾವು ಇದನ್ನು ಬಾಯಿಮಾತು ಎಂದುಕೊಂಡಿದ್ದೆವು. ಕೋರ್ಟಿಗೆ ಇಬ್ಬರೂ ಹಾಜರಾಗಬೇಕಾದ ದಿನ ಬೆಳಿಗ್ಗೆ ಅವನು ರುಮಾಲು ಸುತ್ತಿಕೊಳ್ಳುತ್ತ ತಣ್ಣಗೆ ಹೇಳಿದ:

"ಇವತ್ತ ಏನರ ಎದುರ ಮಾತಾಡಿದಾ ಅಂದ್ರ, ಬರೂ ಮುಂದ ದಾರ್ಯಾಗ ಹಾಯಿಸಿಬಿಡ್ತೇನಿ. ಗಾಡಿ ಕೈ ತಪ್ಪಿತು ಅಂದ್ರ ಮುಗೀತು."

ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿದಳು. ಅವನು ಹೊರಗೆ ಹೋದ ಮೇಲೆ ಹಿಟ್ಟು ಮೆತ್ತಿದ ಕೈಯಿಂದಲೇ ನನ್ನ ರಟ್ಟೆ ಹಿಡಿದಳು.

"ಅಂವಾ ಮಾಡ್ತಾನ. ನನಗ ಗೊತ್ತೈತಿ, ಅಂವಾ ಮಾಡ್ತಾನವಾ. ನೀ ಕೈ ಬಿಡಬ್ಯಾಡ. ನನ್ನ ತಂಗಿ ರಂಡಿಮುಂಡಿ ಆದಾಳ. ಕೇಳಿದೇನ? ನಿನ್ನ ಕೈಯಾಗೈತಿ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ನಾಲ್ಕು ಮಂದಿ ಹಿರಿಯರು ಸೇರಿ ಕಟ್ಟಿದ ದ್ವೇಷವನ್ನು ನನ್ನ ಎರಡು ಕೈಗೆ ಕೊಟ್ಟು ಹಿಡಿ ಅನ್ನುತ್ತೀಯಲ್ಲ ಎಂದು ಕೇಳಬೇಕೆನಿಸಿತು. ಹೂಂ ಅಂದು ಹೋಗಿ ಕಾರಿನಲ್ಲಿ ಕೂತೆ.

ಕೋರ್ಟಿನ ಬಾಗಿಲಲ್ಲಿ ನಾನು ನಿಂತಿದ್ದೆ, ಒಳಗಿನದು ಕೇಳುತ್ತಿತ್ತು. ಬಾವಿಯಿಂದ ಈಗ ಯಾರು ನೀರೆತ್ತುತ್ತಿದ್ದಾರೆ ಎಂದು ಕೇಳಿದಾಗ ಕಾಕಾ ಹೇಳಿದ: "ನಮ್ಮಣ್ಣ ಕಾರು ಹೂಡ್ಯಾನ್ರಿ ಸಾಹೇಬ್ರ. ಅದು ಪೇಟ್ಯಾಗ ತಿರಗೂದುಲ್ಲ, ಮಗಳ ಕೊರಳಿಗೆ ನೊಗ ಹಾಕ್ಯಾನ." ಒಳಗಿದ್ದವರೆಲ್ಲ ನಕ್ಕರು. ವಕೀಲರು ನಕ್ಕರು, ಬಾಗಿಲು ಕಾಯುವ ಪಟ್ಟೇವಾಲಾ ನಕ್ಕ. ಮಾತು ಸುಳ್ಳೇನಲ್ಲ, ನನಗೂ ಒಳಗೊಳಗೆ ಹಿತವಾಯಿತು. ಹೊರಗೆ ಬಂದ ಅಪ್ಪನ ಮುಖ ನೋಡಿದ ಮೇಲೆ ಆ ಹಿತ ಉಳಿಯಲಿಲ್ಲ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಹೋಟೆಲಿನಲ್ಲಿ ಒಂದಾದ ಮೇಲೊಂದು ಚಹಾ ಕುಡಿಯುತ್ತ ಕೂತ. ಕಾಕಾ ಹತ್ತಿದ ಬಸ್ಸು ಹೋಗಲಿ ಎಂದು ಕಾಯುತ್ತಿದ್ದಾನೆ ಎಂದು ನನಗೆ ಆಮೇಲೆ ತಿಳಿಯಿತು.

ಬಸ್ಸು ನಮ್ಮೂರಿನೊಳಗೆ ಬರುತ್ತಿರಲಿಲ್ಲ. ಕ್ರಾಸಿನಲ್ಲಿ ಇಳಿದು ನಡೆಯಬೇಕು. ಬಿಸಿಲು ಇಳಿಯುವ ಹೊತ್ತು. ಕ್ರಾಸು ತಿರುಗಿ, ನಾನು ಜಗ್ಗಿ, ಗಾಡಿ ನೇರವಾದ ಕೂಡಲೇ ಮುಂದೆ ಕಾಕಾ ಕಂಡ. ಬಿಳಿ ಧೋತರ, ಕೈಯಲ್ಲಿ ಚೀಲ, ರಸ್ತೆಯ ಎಡ ಅಂಚಿನಲ್ಲಿ ಒಬ್ಬನೇ ನಡೆಯುತ್ತಿದ್ದ. ಎರಡೂ ಕಡೆ ಜೋಳದ ಹೊಲ, ಒಬ್ಬ ಮನುಷ್ಯನಿಲ್ಲ.

"ಬಿಡು," ಅಂದ ಅಪ್ಪ.

ಎಕ್ಸಲೇಟರ್ ಪೂರ್ತಿ ಒತ್ತಿದ. ಇಂಜಿನ್ನು ಎದ್ದಿತು, ಜೊತೆಗೆ ಸ್ಟೇರಿಂಗು ಹಗುರಾಯಿತು, ಮೊದಲಿನ ಹಾಗೆ, ಬೆರಳಿಗೆ ಸಿಗುವಷ್ಟು. ಆ ವೇಗದಲ್ಲಿ ಅವನಿಗೆ ನನ್ನ ಹಂಗಿರಲಿಲ್ಲ. ಮೆಲ್ಲಗೆ ಎಡಕ್ಕೆ ಎಳೆದ. ನಾನು ಬಿಡಲಿಲ್ಲ. ಬಲಕ್ಕೆ ದೂಡಿದೆ. ಹಗುರಾದ ಸ್ಟೇರಿಂಗಿನ ಮೇಲೆ ಅವನ ಒಂದು ಕೈ ನನ್ನ ಎರಡು ಕೈಗೆ ಮಣಿಯಲಿಲ್ಲ, ಸೋತ ಕೈಯ ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿ ಮತ್ತೆ ಎಡಕ್ಕೆ ತಂದ. ಧೋತರದ ಅಂಚು ಕಾಣುವಷ್ಟು ಹತ್ತಿರ ಬಂದೆವು. ಕಾಕಾ ತಿರುಗಿ ನೋಡಿದ. ಓಡಬೇಕೆನ್ನುವುದೂ ಅವನಿಗೆ ಹೊಳೆಯಲಿಲ್ಲ, ಬಾಯಿ ತೆರೆದು ನಿಂತ.

ಕೀಲಿ ಸ್ಟೇರಿಂಗಿನ ಎಡಕ್ಕೆ, ನನ್ನ ಕಡೆ ಇತ್ತು. ತಿರುವಿ ಇಂಜಿನ್ನು ಕೊಂದೆ.

ಎಣ್ಣೆಯ ಬಲ ಹೋಯಿತು. ಸ್ಟೇರಿಂಗು ಭಾರವಾಯಿತು, ಎಂದಿನ ಭಾರಕ್ಕಿಂತ ಹೆಚ್ಚು. ಭಾರದ ಸ್ಟೇರಿಂಗು ಜಗ್ಗಿ ಬಲ್ಲವಳು ನಾನು, ಅವನು ಬರೀ ಜಗ್ಗು ಎಂದು ಹೇಳಿ ಬಲ್ಲವನು. ಎಡಗಾಲನ್ನು ತಗಡಿಗೆ ಒದ್ದು ಹಿಡಿದು, ಬೆನ್ನು ಸೀಟಿಗೆ ಒತ್ತಿ, ಇಷ್ಟು ದಿನದ ಸಿಟ್ಟನ್ನೆಲ್ಲ ಕೂಡಿಸಿ ಬಲಕ್ಕೆ ದೂಡಿದೆ. ಅವನ ಕೈ ಜಾರಿತು. ಕಾಕಾನ ಚೀಲ ನಮ್ಮ ಕನ್ನಡಿಗೆ ತಾಗಿ ಹಾರಿದ್ದು ಕಂಡೆ. ಗಾಡಿ ರಸ್ತೆ ದಾಟಿ, ಬದು ಹತ್ತಿ ಇಳಿದು, ಒಂದು ಜಾಲಿ ಗಿಡಕ್ಕೆ ಬಡಿದು ನಿಂತಿತು. ಅಪ್ಪನ ಹಣೆ ಸ್ಟೇರಿಂಗಿಗೆ ಅಪ್ಪಳಿಸಿ ಒಡೆಯಿತು.

ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವನು ಮೊದಲು ಮಾಡಿದ ಕೆಲಸ ನನ್ನ ಜಡೆ ಹಿಡಿದು ಹೊರಗೆ ಎಳೆದದ್ದು. ನೆಲಕ್ಕೆ ಕೆಡವಿ ಒದ್ದ. ಸೊಂಟಕ್ಕೆ, ಹೊಟ್ಟೆಗೆ, ಎದೆಗೆ. ಅಷ್ಟರಲ್ಲಿ ಕಾಕಾ ಓಡಿ ಬಂದ. ಬಿಡಿಸುತ್ತಾನೆ ಎಂದುಕೊಂಡೆ. ಅವನು ನನ್ನನ್ನು ದಾಟಿ ಅಪ್ಪನ ಹತ್ತಿರ ಹೋದ.

"ಅಣ್ಣಾ, ಪೆಟ್ಟ ಭಾಳ ಆತೇನ?"

ಹಾರೆ ಬೀಸಿದ ಮೇಲೆ ಅವರಿಬ್ಬರ ನಡುವೆ ನೇರವಾಗಿ ಬಂದ ಮೊದಲ ಮಾತು ಅದು. ಅಪ್ಪ ಒದೆಯುವುದು ನಿಲ್ಲಿಸಿದ. ಒಂದು ಗಳಿಗೆ ತಮ್ಮನ ಮುಖ ನೋಡಿದ, ಆಮೇಲೆ ನನ್ನ ಕಡೆ ಬೆರಳು ಮಾಡಿದ.

"ಈ ಮೂಳಿ ಓಡೂ ಗಾಡಿದು ಕೀಲಿ ತಿರುವಿದ್ಲು. ಇಬ್ಬರನೂ ಕೊಲ್ಲತಿದ್ಲು."

"ಹೆಣ್ಣ ಹುಡುಗಿ ಕೈಯಾಗ ಗಾಡಿ ಯಾಕ ಕೊಟ್ಟಿ ಅಣ್ಣಾ," ಅಂದ ಕಾಕಾ. ತನ್ನ ರುಮಾಲು ಬಿಚ್ಚಿ ಅಪ್ಪನ ಹಣೆಗೆ ಸುತ್ತತೊಡಗಿದ.

ನಾನು ಎದ್ದು ನಿಂತೆ. ಬಾಯಿಯಲ್ಲಿ ಮಣ್ಣು, ರಕ್ತ.

"ಕಾಕಾ, ಅಪ್ಪ ಬೇಕಂತ ನಿನ್ನ ಮ್ಯಾಲ ಹಾಯಸಾಕ ಬಂದಿದ್ದ. ಅದಕ್ಕ ನಾ ಕೀಲಿ ತಿರುವಿದೆ. ಇಲ್ಲಂದ್ರ ನೀ ಸತ್ತಿರ್ತಿದ್ದಿ."

ಕಾಕಾನ ಕೈ ರುಮಾಲಿನ ಮೇಲೆ ನಿಂತಿತು. ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವನಿಗೆ ಗೊತ್ತಿತ್ತು. ಮೈಮೇಲೆ ನುಗ್ಗಿ ಬಂದ ಗಾಡಿಯನ್ನು ಅವನೇ ತಿರುಗಿ ನೋಡಿದ್ದ, ಗೊತ್ತಿಲ್ಲದೆ ಹೇಗೆ? ಗೊತ್ತಿದ್ದೂ ಗಂಟು ಬಿಗಿದು ಮುಗಿಸಿ, ನನ್ನ ಹತ್ತಿರ ಬಂದು, ಕೆನ್ನೆಗೆ ಬಾರಿಸಿದ. ಎರಡೂ ಕೈ ನೆಟ್ಟಗಿರುವವನ ಹೊಡೆತ, ಕಿವಿ ಗುಂಯ್ ಅಂತು.

"ಹಡದ ಅಪ್ಪನ ಮ್ಯಾಲ ಇಂಥಾ ಸುಳ್ಳು ಹೇಳತೀ? ಆಂ?"

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅವನು ಅಳುತ್ತಿದ್ದ. ಕಾಕಾ ಅವನ ಹೆಗಲ ಮೇಲೆ ಕೈ ಹಾಕಿ, "ನಡಿ ಅಣ್ಣಾ, ಮನಿಗೆ ನಡಿ," ಅಂದ. ಇಬ್ಬರೂ ಊರ ಕಡೆ ನಡೆದರು. ಬಿದ್ದ ಚೀಲ ತಗೊಂಡು ಬಾ ಎಂದು ಕಾಕಾ ತಿರುಗಿ ನೋಡದೆ ಹೇಳಿದ. ನಾನು ಚೀಲ ಹೊತ್ತುಕೊಂಡು ಹಿಂದೆ ನಡೆದೆ. ಅವರಿಬ್ಬರ ಬೆನ್ನು ನೋಡುತ್ತ, ಕೀಲಿ ತಿರುವದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅನಿಸಿದ್ದು ನಿಜ. ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಅವರು ಕಟ್ಟೆಯ ಮೇಲೆ ಕೂತರು, ನಾನು ಹಿತ್ತಲಿನಿಂದ ಒಳಗೆ ಹೋದೆ. ಅವ್ವ ನನ್ನ ಮುಖ ನೋಡಿ ಕೊಡ ಕೆಳಗಿಟ್ಟಳು.

"ಯಾರ ಹೊಡದ್ರ?"

"ಇಬ್ಬರೂ."

"ಇಬ್ಬರೂ ಅಂದ್ರ?"

"ಅಪ್ಪ. ಆಮ್ಯಾಲ ಕಾಕಾ. ಅವ್ವಾ, ನಾ ಕೀಲಿ..."

"ಕೂಡಿ ಬಂದಾರೇನ?" ಅವ್ವ ಬಾಯಿಗೆ ಕೈ ಇಟ್ಟುಕೊಂಡಳು. "ಮಾತಾಡಿದ್ರೇನ? ಒಬ್ಬರಿಗೊಬ್ಬರು ಮಾತಾಡಿದ್ರೇನ ಅವರು?"

ಹೂಂ ಅಂದೆ. ಅವ್ವ ಗೋಡೆಯ ಹತ್ತಿರ ಓಡಿದಳು. "ತಂಗೀ," ಎಂದು ಗಟ್ಟಿಯಾಗಿ, ಊರಿಗೆ ಕೇಳುವಂತೆ ಕೂಗಿದಳು. ಆಚೆಯಿಂದ ಚಿಗವ್ವ ಬಂದಳು, ಗೋಡೆಯ ಮೇಲೆ ಇಬ್ಬರೂ ಕೊರಳು ಅಪ್ಪಿಕೊಂಡು ಅತ್ತರು. ಸ್ವಲ್ಪ ಹೊತ್ತಿಗೆ ಅವ್ವ ಒಲೆಯ ಮೇಲೆ ಕಡಲೆಬೇಳೆ ಇಟ್ಟಳು. ಬೆಂದ ಬೇಳೆ ಬೆಲ್ಲ ನನ್ನ ಮುಂದೆ ತಂದು ಹೂರಣ ರುಬ್ಬು ಅಂದಳು. ಬೆರಳು ಬಾತಿದ್ದವು, ಪಕ್ಕೆ ಸೆಳೆಯುತ್ತಿತ್ತು, ಕೂತು ರುಬ್ಬಿದೆ.

ಅಣ್ಣ ತಮ್ಮ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರು. ಬಡಿಸುವವಳು ನಾನು. ಕಾಕಾ ಹೋಳಿಗೆ ತುಪ್ಪದಲ್ಲಿ ಅದ್ದಿ ಮುಗಿಸಿ ತಾಟು ಮುಂದೆ ಸರಿಸಿದ.

"ಇನ್ನೊಂದ ಹಾಕವಾ ಮಗಳ," ಅಂದ.

ಹಾಕಿದೆ.